ಹದಿನೇಳನೆಯ ಬ್ಯಾಚು

ಎಣ್ಣೆಗೂ ಸೀಗೆಕಾಯಿಗೂ ಆಗಿಬರುವುದಿಲ್ಲ, ಗೊತ್ತಲ್ಲ;
ಎಣ್ಣೆಗೂ ನೀರಿಗೂ ಇರುವ ಜಗಳ ಅದಕ್ಕಿಂತ ಹಳೆಯದು.
ಝುಕಿಸ್ವಾ ಆ ಜಗಳ ಬಿಡಿಸಲು ಹೋಗುವುದಿಲ್ಲ,
ಕೆಲಸಕ್ಕೆ ಹಚ್ಚುತ್ತಾಳೆ.

ಎರಡು ಸಿರಿಂಜು. ಒಂದರಲ್ಲಿ
ಎಥನಾಲಿನಲ್ಲಿ ಕರಗಿದ ನಾಲ್ಕು ಬಗೆಯ ಕೊಬ್ಬು,
ಐದನೆಯದೊಂದು ಅವಳ ಊಹೆ.
ಇನ್ನೊಂದರಲ್ಲಿ ನಿಂಬೆಹುಳಿಯ ನೀರು, ಅದರೊಳಗೆ ಓಲೆ:
ಬೆರಳ ಬೆವರು ತಾಗಿದರೂ ಚೂರಾಗುವ ಓಲೆ.
'ಬಾಗಿ ಮಾತಾಡಬೇಡ,' ಗದರುತ್ತಾಳೆ,
'ನಿನ್ನ ಎಂಜಲಲ್ಲಿ ಕತ್ತರಿ ಇದೆ.'

ಮೀನಿನ ಮುಳ್ಳಿನಂತೆ ಗೀರಿದ ಸಣ್ಣ ಕಾಲುವೆ,
ಮೂರು ನಾಲ್ಕು ಕೂದಲಿನಷ್ಟು ಅಗಲ.
ಮೂರು ಪಾಲು ನೀರು, ಒಂದು ಪಾಲು ಎಥನಾಲು
ಕೂಡುತ್ತವೆ, ಸುತ್ತುತ್ತವೆ,
ರೆಪ್ಪೆ ಬಡಿಯುವುದರೊಳಗೆ ಕೊಬ್ಬಿಗೆ ದಿಗಿಲು—
ನೀರು, ಎತ್ತ ತಿರುಗಿದರೂ ನೀರು—
ಕೈಗೆ ಸಿಕ್ಕ ಓಲೆಯನ್ನು ಅವುಚಿಕೊಂಡು
ಮುದುಡಿ ಉಂಡೆಯಾಗುತ್ತದೆ.
ನಾವು ವರದಿಯಲ್ಲಿ ಬರೆಯುವುದು ಈ ದಿಗಿಲನ್ನೇ,
ಬೇರೆ ಹೆಸರಲ್ಲಿ.

ತುದಿಯಿಂದ ತೊಟ್ಟಿಕ್ಕುವ ಹನಿಗೆ
ಅಕ್ಕಿ ತೊಳೆದ ಎರಡನೇ ನೀರಿನ ಬಣ್ಣ,
ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಒಂಚೂರು ನೀಲಿ.
ಲೇಸರಿನಲ್ಲಿ ಅಳೆದೆವು: ಎಂಬತ್ತೆರಡು ನ್ಯಾನೋಮೀಟರ್.
ಹದಿನಾರನೆಯ ಬ್ಯಾಚೂ ಹೀಗೇ ಇತ್ತು ಮೊದಲು.
ಆ ಮಂಗಳವಾರ ಕರೆಂಟು ತೆಗೆಯುವ ಸರದಿ ನಮ್ಮ ಬೀದಿಗೆ,
ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು,
ಗುಡ್ಡದಿಂದಿಳಿದ ಆಗ್ನೇಯದ ಗಾಳಿ ಕಿಟಕಿ ಬಡಿಯುತ್ತಿತ್ತು,
ಮೈನಸ್ ಎಂಬತ್ತರ ಪೆಟ್ಟಿಗೆ ರಾತ್ರಿಯೆಲ್ಲ ಬೆವರಿತು.
ಬೆಳಿಗ್ಗೆ ನೋಡಿದರೆ ಒಡೆದ ಹಾಲು.
ಝುಕಿಸ್ವಾ ಷೋಸಾದಲ್ಲಿ ಏನೋ ಅಂದಳು,
ನಾನು ಅರ್ಥ ಕೇಳಲಿಲ್ಲ.

ರಾತ್ರಿ ಉಪ್ಪುನೀರಲ್ಲಿ ಚೀಲ ತೇಲಿಸಿ ಹುಳಿ ತೊಳೆದೆವು.
ಹುಳಿ ಇಲ್ಲದಿದ್ದರೆ ಈ ಕೊಬ್ಬು ಸಾಧು,
ರಕ್ತದಲ್ಲಿ ಯಾರ ತಂಟೆಗೂ ಹೋಗದು.
ಜೀವಕೋಶ ನುಂಗಿ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ;
ಹೊಟ್ಟೆಯಲ್ಲಿಟ್ಟುಕೊಂಡದ್ದು
ಎಷ್ಟು ದಿನ ಹುಳಿಯಾಗದೆ ಇದ್ದೀತು?
ಆಗ ಏಳುತ್ತದೆ ಅದರ ಸಿಟ್ಟು, ಗೋಡೆ ಹರಿಯುತ್ತದೆ,
ಓಲೆ ಹೊರಗೆ.
ನೂರಕ್ಕೆ ಎರಡು, ಅದೂ ಅದೃಷ್ಟವಿದ್ದರೆ.
ಉಳಿದದ್ದು ಯಾರೂ ಓದದೆ ಅರಗಿಹೋಗುತ್ತದೆ.

ಸಿಗ್ನಲ್ ಗುಡ್ಡದ ಮಧ್ಯಾಹ್ನದ ತೋಪು ಹಾರಿದಾಗ
ರಶಾದ್ ಸಾಮೊಡೀನ್ ಮೊದಲ ಇಲಿಯ ಬಾಲ ಹಿಡಿದಿದ್ದ.
ಅವನಿಗೆ ರೋಜಾ. ಇಲಿಗಳಿಗೆ ಹೊಟ್ಟೆ ತುಂಬಿಸಿಯೇ ಬಂದಿದ್ದ.
ನಾಲ್ಕಕ್ಕೆ ಮಿಂಚುಹುಳದ ದೀಪ ಹಚ್ಚುವ ಪಾಠ,
ಐದನೆಯದಕ್ಕೆ ಬರೀ ಉಪ್ಪುನೀರು.

ಆರು ತಾಸು. ಕತ್ತಲೆ ಪೆಟ್ಟಿಗೆಯಲ್ಲಿ
ಐದು ಇಲಿ ಸಾಲಾಗಿ ಮಲಗಿ,
ಪರದೆಯ ಮೇಲೆ ನಿಧಾನಕ್ಕೆ
ನಾಲ್ಕು ಹೊಟ್ಟೆಯೊಳಗೆ ಬೆಂಕಿಯಿಲ್ಲದ ಕೆಂಡ.
ನಾನು ಕೂಗಿಬಿಟ್ಟೆ.
ಝುಕಿಸ್ವಾ ಕೂಗಲಿಲ್ಲ, ಬೆರಳಿಟ್ಟು ತೋರಿಸಿದಳು:
'ಯಕೃತ್ತು. ಮತ್ತೆ ಯಕೃತ್ತೇ.'
ನಮಗೆ ಬೇಕಿದ್ದದ್ದು ಶ್ವಾಸಕೋಶ.
ಕ್ಷಯದ ವಾರ್ಡಿನಲ್ಲಿ ಎರಡು ವರ್ಷ ಕೆಲಸ ಮಾಡಿದವಳು ಅವಳು,
ಕೆಮ್ಮಿನ ಸದ್ದಿನಿಂದಲೇ ಹಾಸಿಗೆಯ ನಂಬರು ಹೇಳುತ್ತಿದ್ದಳಂತೆ.
ಓಲೆ ಮುಟ್ಟಿದೆ. ಪಕ್ಕದ ಮನೆಗೆ.

ಪುಸ್ತಕ ತೆರೆದು ಅವಳು ಹದಿನೆಂಟು ಎಂದು ಬರೆದಳು,
ಅದರ ಮುಂದೆ ಏನೂ ಬರೆಯಲಿಲ್ಲ.

ರೋಜಾ ಬಿಡಲು ಇನ್ನೂ ಕಾಲು ತಾಸಿತ್ತು.
ರಶಾದ್ ಜೇಬಿನ ಖರ್ಜೂರವನ್ನು ಮುಟ್ಟಿ ನೋಡಿಕೊಂಡು
ಇಲಿಗಳನ್ನು ಒಂದೊಂದಾಗಿ ಪಂಜರಕ್ಕೆ ಇಳಿಸಿದ.
ಬೆಳಗದಿದ್ದ ಐದನೆಯದು
ಎಲ್ಲಕ್ಕಿಂತ ಮೊದಲು ಅಮಲಿಳಿದು ಎದ್ದು
ಮುಂಗಾಲಲ್ಲಿ ಮೀಸೆ ಒರೆಸಿಕೊಂಡು
ಅವನ ಅಂಗೈಯ ವಾಸನೆ ನೋಡಿತು.
'ಇದಕ್ಕೂ ಅದೇ ಸೂಜಿ ಚುಚ್ಚಿದ್ದು,' ಅಂದ,
ಯಾರಿಗೆಂದಿಲ್ಲದೆ.